ಲ್ಯಾಪ್‌ಟಾಪ್‌ಗೆ ಮಲಗು ಎಂದವರು ಯಾರು?

ಮಾಗಡಿಯಲ್ಲಿರುವ ನನ್ನ ರಿಪೇರಿ ಅಂಗಡಿಗೆ ಒಡೆದ ಪರದೆ, ನೀರು ಬಿದ್ದ ಕೀಬೋರ್ಡ್ ಬಿಟ್ಟರೆ ಹೆಚ್ಚಾಗಿ ಬರುವ ದೂರು ಒಂದೇ: "ಅಣ್ಣ, ಒಂದ್ ಚೂರು ಹಂಗೇ ಬಿಟ್ರೆ ಸಾಕು, ಮಲ್ಕೊಂಡ್‌ಬಿಡ್ತದೆ." ಕಲ್ಯ, ಕುದೂರು, ತಿಪ್ಪಸಂದ್ರದ ಕಡೆಯಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಕಾಲೇಜು ಮಕ್ಕಳವು. ಮನೆಗೆಲ್ಲ ಇರುವುದು ಅದೊಂದೇ. ಅಕ್ಕನ ಅಸೈನ್‌ಮೆಂಟು, ತಮ್ಮನ ಪಾಠದ ವಿಡಿಯೊ, ಅಪ್ಪನ ಪಹಣಿ ಎಲ್ಲಕ್ಕೂ ಅದೇ ಬೇಕು. ಹಾಗಾಗಿ ಇದನ್ನು ಸಣ್ಣ ದೂರು ಎಂದು ನಾನು ಯಾವತ್ತೂ ಪಕ್ಕಕ್ಕೆ ಸರಿಸಿಲ್ಲ.

ಲ್ಯಾಪ್‌ಟಾಪ್ ತಾನಾಗಿ ಮಲಗುವುದಿಲ್ಲ. ಯಾರೋ ಮಲಗು ಎಂದಿರುತ್ತಾರೆ. ಗಡಿಯಾರ ಹೇಳಿರಬಹುದು, ಮುಚ್ಚಳ ಹೇಳಿರಬಹುದು, ಬ್ಯಾಟರಿ ಹೇಳಿರಬಹುದು, ಯಾವುದೋ ತಂತ್ರಾಂಶ ಹೇಳಿರಬಹುದು. ಅಪ್ಪಣೆ ಎಲ್ಲಿಂದ ಬಂತು ಎಂದು ಗೊತ್ತಾಗುವ ಮೊದಲೇ ಸೆಟ್ಟಿಂಗ್‌ಗೆ ಕೈ ಹಾಕಿದರೆ ಒಂದು ಸರಿಹೋಗಿ ಎರಡು ಕೆಡುತ್ತವೆ. ಕೆಳಗೆ ಬರೆದಿರುವುದೆಲ್ಲ ಆ ಅಪ್ಪಣೆಯ ಮೂಲ ಹುಡುಕುವ ಕೆಲಸದಲ್ಲಿ ಕಲಿತದ್ದು.

1. ಮಲಗಿದೆಯೋ, ಬಿದ್ದಿದೆಯೋ ನೋಡಿ

ನಮ್ಮ ಕಡೆ ರೇಷ್ಮೆ ಮಾಡುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಜ್ವರಕ್ಕೆ ಕೂತ ಹುಳವೂ ಅಲ್ಲಾಡುವುದಿಲ್ಲ, ರೋಗ ಹಿಡಿದ ಹುಳವೂ ಅಲ್ಲಾಡುವುದಿಲ್ಲ. ಜ್ವರಕ್ಕೆ ಕೂತದ್ದು ಪೊರೆ ಕಳಚಿ ಏಳುತ್ತದೆ, ರೋಗದ್ದು ಏಳುವುದಿಲ್ಲ. ತಟ್ಟೆ ನೋಡಿದ ಕೂಡಲೇ ಹುಳದ ಮನೆಯವರು ಯಾವುದು ಯಾವುದು ಎಂದು ಹೇಳಬಲ್ಲರು. ಲ್ಯಾಪ್‌ಟಾಪಿನಲ್ಲೂ ಪರದೆ ಕಪ್ಪಾದದ್ದನ್ನೆಲ್ಲ ಜನ "ಮಲಗಿತು" ಎನ್ನುತ್ತಾರೆ. ಆದರೆ ಅದರಲ್ಲಿ ಬೇರೆ ಬೇರೆ ಸ್ಥಿತಿಗಳಿವೆ.

ಒಂದು ಕೀ ಒತ್ತಿದ ಕೂಡಲೇ ಇದ್ದ ಪುಟವೇ ಬಂದರೆ ಆರಿದ್ದು ಪರದೆ ಮಾತ್ರ. ಪವರ್ ದೀಪ ನಿಧಾನಕ್ಕೆ ಮಿನುಗುತ್ತಿದ್ದು, ಎಬ್ಬಿಸಿದರೆ ಪಿನ್ ಕೇಳಿ ಕೆಲವೇ ಕ್ಷಣದಲ್ಲಿ ಎದ್ದರೆ ಅದು ಸ್ಲೀಪ್. ದೀಪವೂ ಆರಿದ್ದು, ಪವರ್ ಗುಂಡಿ ಒತ್ತಿದಾಗ ಕಂಪನಿಯ ಲಾಂಛನ ಬಂದು, ಆಮೇಲೆ ತೆರೆದಿದ್ದ ಕೆಲಸವೆಲ್ಲ ಹಾಗೇ ಸಿಕ್ಕರೆ ಹೈಬರ್ನೇಟ್. ಲಾಂಛನ ಬಂದು ಎಲ್ಲವೂ ಹೊಸದಾಗಿ ಶುರುವಾಗಿ, ಉಳಿಸದೆ ಇದ್ದ ಕಡತ ಹೋಗಿದ್ದರೆ ಯಂತ್ರ ಮಲಗಿದ್ದಲ್ಲ, ಕುಸಿದು ಬಿದ್ದದ್ದು. ಮೊದಲ ಮೂರಕ್ಕೆ ಮದ್ದು ಸೆಟ್ಟಿಂಗಿನಲ್ಲಿ ಸಿಗಬಹುದು. ನಾಲ್ಕನೆಯದಕ್ಕೆ ಬ್ಯಾಟರಿ, ಬಿಸಿ, ಬೋರ್ಡು ಇವುಗಳ ಕಡೆ ಹೋಗಬೇಕು. ಈ ವ್ಯತ್ಯಾಸ ಗ್ರಾಹಕರೇ ಗಮನಿಸಿಕೊಂಡು ಬಂದರೆ ಅರ್ಧ ಕೆಲಸ ಮುಗಿದಂತೆ.

2. ಗಡಿಯಾರ ಒಂದಲ್ಲ, ಎರಡು

ವಿಂಡೋಸ್‌ನಲ್ಲಿ ಕರೆಂಟಿನಲ್ಲಿರುವಾಗಿನ ನಿಮಿಷ ಬೇರೆ, ಬ್ಯಾಟರಿಯಲ್ಲಿರುವಾಗಿನ ನಿಮಿಷ ಬೇರೆ. ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಅಂಡ್ ಬ್ಯಾಟರಿ ಎಂದು ಒಳಗೆ ಹೋದರೆ ಎರಡೂ ಕಾಣುತ್ತವೆ. ಹುಡುಗರು "ಪ್ಲಗ್ಡ್ ಇನ್" ಎಂದಿರುವುದನ್ನು ಮಾತ್ರ ಬದಲಿಸಿ, ಆಮೇಲೂ ಮಲಗುತ್ತಿದೆ ಎಂದು ತಂದುಕೊಡುತ್ತಾರೆ.

ಈ ನಿಮಿಷಗಳು ಎಲ್ಲಿಂದ ಬಂದವು ಎಂಬುದಕ್ಕೂ ಒಂದು ಹಿನ್ನೆಲೆ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಎನರ್ಜಿ ಸ್ಟಾರ್ ಎಂಬ ವಿದ್ಯುತ್ ಉಳಿತಾಯದ ಗುರುತನ್ನು ತಂದಿತು. ಅದರ ಕಂಪ್ಯೂಟರ್ ನಿಯಮದಲ್ಲಿ ಯಾರೂ ಮುಟ್ಟದಿದ್ದರೆ 15 ನಿಮಿಷದೊಳಗೆ ಪರದೆ, 30 ನಿಮಿಷದೊಳಗೆ ಯಂತ್ರ ಮಲಗಬೇಕು ಎಂದಿದೆ. ಹಲವು ಕಂಪನಿಗಳು ಆ ಚೌಕಟ್ಟಿನೊಳಗೇ ಅಂಕಿ ಇಟ್ಟವು. ಈಚಿನ ವಿಂಡೋಸ್ 11 ಇರುವ ಹಲವು ಹೊಸ ಯಂತ್ರಗಳಲ್ಲಿ ಇದು ಇನ್ನೂ ಇಳಿದು, ಬ್ಯಾಟರಿಯಲ್ಲಿ 3 ನಿಮಿಷ, ಕರೆಂಟಿನಲ್ಲಿ 5 ನಿಮಿಷ ಎಂದಾಗಿದೆ. ಹೊಸ ಲ್ಯಾಪ್‌ಟಾಪ್ ಕೊಂಡವರು "ಹಳೇದೇ ವಾಸಿ, ಇದು ಕಣ್ ಮಿಟುಕಿಸೋದ್ರಲ್ಲಿ ಮಲಗ್ತದೆ" ಎಂದರೆ ಅವರ ಮಾತು ಸರಿಯೇ. ಯಂತ್ರ ಕೆಟ್ಟಿಲ್ಲ, ಅಂಕಿ ಚಿಕ್ಕದಾಗಿದೆ.

ನಮ್ಮೂರುಗಳಲ್ಲಿ ಇದಕ್ಕೊಂದು ಗಂಟು ಹೆಚ್ಚಿದೆ. ಕರೆಂಟು ಹೋದ ಕ್ಷಣಕ್ಕೆ ಬ್ಯಾಟರಿಯ ನಿಮಿಷ ಜಾರಿಗೆ ಬರುತ್ತದೆ. ಕರೆಂಟು ಹೋಗದೆಯೂ ಹಾಗಾಗಬಹುದು: ಗೋಡೆಯ ಸಾಕೆಟ್ಟು ಸಡಿಲವಾಗಿ ಪ್ಲಗ್ಗು ಓಲಾಡುತ್ತಿದ್ದರೆ, ಚಾರ್ಜರಿನ ಪಿನ್ನು ಸವೆದಿದ್ದರೆ ಯಂತ್ರಕ್ಕೆ ಒಮ್ಮೆ ಕರೆಂಟು ಇದೆ, ಒಮ್ಮೆ ಇಲ್ಲ. ಸಂಜೆ ವೋಲ್ಟೇಜು ಇಳಿಯುವುದೇ ಕಾರಣ ಎಂದು ಹಲವರು ದೂರುತ್ತಾರೆ. ಚಾರ್ಜರಿನ ಹೊಟ್ಟೆಯ ಮೇಲಿನ ಅಕ್ಷರ ಓದಿ, 100ರಿಂದ 240 ವೋಲ್ಟ್ ಎಂದಿರುತ್ತದೆ. 170ಕ್ಕೆ ಇಳಿದರೂ ಅದು ನಡೆಯುತ್ತದೆ. ಅನುಮಾನ ಪಡಬೇಕಾದದ್ದು ಸಾಕೆಟ್ಟನ್ನು. ಟೈಪ್ ಸಿ ಲ್ಯಾಪ್‌ಟಾಪಿಗೆ ಫೋನಿನ 18 ವ್ಯಾಟ್ ಚಾರ್ಜರ್ ಸಿಕ್ಕಿಸಿಕೊಂಡು, ಚಾರ್ಜ್ ಹಾಕಿದ್ದೇನೆ ಎಂದು ನಂಬಿರುವವರೂ ಇದ್ದಾರೆ. ಅಂಥ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 45 ಅಥವಾ 65 ವ್ಯಾಟ್ ಬೇಕು. ಕಡಿಮೆಯದು ಹಾಕಿದರೆ ವೈರು ಸಿಕ್ಕಿಸಿದ್ದರೂ ಬ್ಯಾಟರಿ ಇಳಿಯುತ್ತಲೇ ಇರಬಹುದು.

ಪರೀಕ್ಷೆ ಸುಲಭ. ಚಾರ್ಜರ್ ಹಾಕಿ, ಮೂಲೆಯ ಬ್ಯಾಟರಿ ಚಿತ್ರ ನೋಡುತ್ತಾ ಪಿನ್ನಿನ ಬುಡವನ್ನು ಮೆಲ್ಲಗೆ ಅಲ್ಲಾಡಿಸಿ. ಪ್ಲಗ್ಗಿನ ಗುರುತು ಬಂದು ಹೋಗಿ ಮಾಡಿದರೆ ಕಳ್ಳ ಸಿಕ್ಕಿದ.

3. ಓದುವುದು ಯಂತ್ರಕ್ಕೆ ಗೊತ್ತಾಗದು

ಕಲ್ಯದ ಇತಿಹಾಸ ಬಲ್ಲವರಿಗೆ ಅಲ್ಲಿನ 1368ರ ಬುಕ್ಕರಾಯನ ಶಾಸನ ಗೊತ್ತು. ಜೈನರಿಗೂ ಶ್ರೀವೈಷ್ಣವರಿಗೂ ಬಂದಿದ್ದ ವ್ಯಾಜ್ಯವನ್ನು ದೊರೆ ರಾಜಿ ಮಾಡಿಸಿದ ಶಾಸನ ಅದು. ಅದರ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಕಲ್ಯದಲ್ಲಿ. ಇತಿಹಾಸದ ಎಂಎ ಮಾಡುತ್ತಿದ್ದ ಹುಡುಗನೊಬ್ಬ ಅದರ ಮೇಲೆ ಪ್ರಬಂಧ ಬರೆಯುತ್ತಿದ್ದ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದ ಸ್ಕ್ಯಾನ್ ಪ್ರತಿಯನ್ನು ಪರದೆಯಲ್ಲಿ ಇಟ್ಟುಕೊಂಡು, ಶಾಸನದ ಪಾಠವನ್ನು ಕೈಯಲ್ಲಿ ಪುಸ್ತಕಕ್ಕೆ ಇಳಿಸಿಕೊಳ್ಳುವ ಕೆಲಸ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಲ್ಯಾಪ್‌ಟಾಪ್ ಕಪ್ಪಾಗುತ್ತಿತ್ತು. "ಕೆಲಸ ಮಾಡ್ತಾನೇ ಇರ್ತೀನಿ ಸಾರ್, ಆದ್ರೂ ಮಲಗ್ತದೆ" ಎಂದ.

ಕೆಲಸ ಮಾಡುತ್ತಿದ್ದುದು ಅವನ ಕಣ್ಣು ಮತ್ತು ಪೆನ್ನು. ಯಂತ್ರಕ್ಕೆ ತಿಳಿಯುವುದು ಕೀಬೋರ್ಡು, ಮೌಸು, ಟಚ್‌ಪ್ಯಾಡಿನ ಮೇಲಿನ ಬೆರಳು ಮಾತ್ರ. ವಿಡಿಯೊ ಓಡುವಾಗ ಮಲಗುವುದಿಲ್ಲವಲ್ಲ ಎಂದು ಕೇಳಬಹುದು. ವಿಡಿಯೊ ತೋರಿಸುವ ತಂತ್ರಾಂಶ "ಎಚ್ಚರವಾಗಿರು" ಎಂದು ವಿಂಡೋಸ್‌ಗೆ ಬೇಡಿಕೆ ಕಳಿಸಿರುತ್ತದೆ. ಪಿಡಿಎಫ್ ಓದಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಹಾಗೆ ಕಳಿಸುವುದಿಲ್ಲ. ಇಂಥವರಿಗೆಂದು ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಅವೇಕ್ ಎಂಬ ಸಾಧನವಿದೆ. ಎರಡು ಗಂಟೆ ಎಚ್ಚರವಾಗಿರು ಎಂದು ಹೇಳಿಟ್ಟರೆ ಅಷ್ಟು ಹೊತ್ತು ಎಚ್ಚರವಿದ್ದು, ಆಮೇಲೆ ಹಳೆಯ ಕ್ರಮಕ್ಕೆ ಮರಳುತ್ತದೆ. ಶಾಶ್ವತವಾಗಿ ಏನನ್ನೂ ಕೆಡಿಸದ ಮದ್ದು ಇದು. ಓದುವ ಮಕ್ಕಳಿಗೆ ನಾನು ಮೊದಲು ಹಾಕಿಕೊಡುವುದು ಇದನ್ನೇ.

ಇದರ ಪಕ್ಕದಲ್ಲೇ ಇನ್ನೊಂದು ಗೊಂದಲವಿದೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ, ಜಾತಿ ಪ್ರಮಾಣಪತ್ರ ಹುಡುಕಿ ತರುವಷ್ಟರಲ್ಲಿ ಪುಟ ಹೊರಕ್ಕೆ ಹಾಕಿ ಮತ್ತೆ ಲಾಗಿನ್ ಕೇಳುತ್ತದೆ. ಅದು ಲ್ಯಾಪ್‌ಟಾಪ್ ಮಲಗಿದ್ದಲ್ಲ, ಆ ಜಾಲತಾಣ ತನ್ನ ಅವಧಿ ಮುಗಿಸಿದ್ದು. ಲ್ಯಾಪ್‌ಟಾಪಿನಲ್ಲಿ ಏನೇ ಬದಲಿಸಿದರೂ ಅದು ನಿಲ್ಲದು. ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡು ಆಮೇಲೆ ಕೂರಬೇಕು.

4. ಯಂತ್ರ ದಿನಚರಿ ಬರೆಯುತ್ತದೆ, ಅದನ್ನು ಓದಿ

ಹಿಂದೆ ವಿದ್ಯುತ್ ನಿರ್ವಹಣೆ ಬಯೋಸ್‌ನ ಕೈಯಲ್ಲಿತ್ತು. ಅದು ಯಾವಾಗ ಏನು ಮಾಡಿತು ಎಂದು ವಿಂಡೋಸ್‌ಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೊಷಿಬಾ ಮೂರೂ ಸೇರಿ ಎಸಿಪಿಐ ಎಂಬ ನಿಯಮಾವಳಿ ಹೊರತಂದವು. ಅಲ್ಲಿಂದ ಮಲಗಿಸುವ ಎಬ್ಬಿಸುವ ಅಧಿಕಾರ ಕಾರ್ಯಾಚರಣಾ ವ್ಯವಸ್ಥೆಗೆ ಬಂತು. ತೀರ್ಮಾನ ಅದರದ್ದೇ ಆದ್ದರಿಂದ ಕಾರಣವನ್ನೂ ಅದು ಬರೆದಿಡಬಲ್ಲದು.

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಮೂಲದ ಕಾಲಮ್ಮಿನಲ್ಲಿ ಕರ್ನಲ್ ಪವರ್ ಎಂದಿರುವ ಸಾಲುಗಳಲ್ಲಿ 42ನೇ ಸಂಖ್ಯೆಯದನ್ನು ಹುಡುಕಿ. ಯಂತ್ರ ಮಲಗಲು ಹೊರಟ ಕ್ಷಣದ ದಾಖಲೆ ಅದು. ಕೆಳಗೆ ಕಾರಣವಿರುತ್ತದೆ. "ಸಿಸ್ಟಮ್ ಐಡಲ್" ಎಂದಿದ್ದರೆ ಗಡಿಯಾರದ ಅಪ್ಪಣೆ. "ಬಟನ್ ಆರ್ ಲಿಡ್" ಎಂದಿದ್ದರೆ ಗುಂಡಿಯದೋ ಮುಚ್ಚಳದ್ದೋ. "ಬ್ಯಾಟರಿ" ಎಂದಿದ್ದರೆ ಬ್ಯಾಟರಿಯದು. "ಅಪ್ಲಿಕೇಶನ್ ಎಪಿಐ" ಎಂದಿದ್ದರೆ ಯಾವುದೋ ತಂತ್ರಾಂಶ ಮಲಗಿಸಿದೆ. ಹೊಸ ಬಗೆಯ ಸ್ಟ್ಯಾಂಡ್‌ಬೈ ಇರುವ ಯಂತ್ರಗಳಲ್ಲಿ 42ರ ಬದಲು 506 ಸಿಗುತ್ತದೆ, ಅಲ್ಲೂ ಕಾರಣದ ಸಾಲಿದೆ. 41 ಸಿಕ್ಕಿದರೆ ಮಾತ್ರ ಎಚ್ಚರ: ಸರಿಯಾಗಿ ಮುಚ್ಚದೆಯೇ ಯಂತ್ರ ನಿಂತು ಮತ್ತೆ ಶುರುವಾಗಿದೆ ಎಂದು ಅರ್ಥ.

ಗ್ರಾಹಕರ ಎದುರಿಗೇ ಇದನ್ನು ತೆರೆದು ತೋರಿಸುವುದು ನನ್ನ ರೂಢಿ. ದುಡ್ಡು ಕೊಡುವವರಿಗೆ ಕಾರಣ ಕಣ್ಣಾರೆ ಕಾಣಬೇಕು. ಮದರ್‌ಬೋರ್ಡ್ ಹೋಗಿದೆ ಎಂಬ ಒಂದೇ ಮಾತಿಗೆ ಹೆದರಿ, ಗೂಡು ಮಾರಿದ ದುಡ್ಡಿನಲ್ಲಿ ಹೊಸ ಯಂತ್ರ ಕೊಳ್ಳಲು ಹೊರಟವರನ್ನು ಈ ಒಂದು ಸಾಲು ತಡೆದಿದೆ.

5. ಅಯಸ್ಕಾಂತ ಹುಡುಕಿ

ಎಲ್ಲ ಪಾಠಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಇದು. ಯಾವ ಸೆಟ್ಟಿಂಗಿನಲ್ಲೂ ಕಾಣದ ಕಾರಣವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮುಚ್ಚಳ ಮುಚ್ಚಿತೆಂದು ಲ್ಯಾಪ್‌ಟಾಪಿಗೆ ಹೇಗೆ ತಿಳಿಯುತ್ತದೆ? ತೀರಾ ಹಳೆಯವುಗಳಲ್ಲಿ ಹಿಂಜಿನ ಹತ್ತಿರ ಒತ್ತುವ ಗುಂಡಿ ಇರುತ್ತಿತ್ತು. ಈಗಿನವುಗಳಲ್ಲಿ ಪರದೆಯ ಅಂಚಿನೊಳಗೆ ಒಂದು ಸಣ್ಣ ಅಯಸ್ಕಾಂತ, ಕೆಳಗೆ ಕೀಬೋರ್ಡಿನ ಪಕ್ಕದಲ್ಲೋ ಅಂಗೈ ಊರುವ ಜಾಗದ ಅಡಿಯಲ್ಲೋ ಒಂದು ಹಾಲ್ ಸೆನ್ಸರ್ ಇರುತ್ತವೆ. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಕೊಂಡ ಪರಿಣಾಮದ ಮೇಲೆ ನಡೆಯುವ ಸೆನ್ಸರ್ ಅದು. ವಿದ್ಯುತ್ ಹರಿಯುತ್ತಿರುವಲ್ಲಿಗೆ ಕಾಂತಕ್ಷೇತ್ರ ಬಂದರೆ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಮುಚ್ಚಳ ಕೆಳಗೆ ಬಂದಾಗ ಅಯಸ್ಕಾಂತ ಹತ್ತಿರವಾಗಿ ಸೆನ್ಸರಿಗೆ ತಿಳಿಯುತ್ತದೆ. ಆದರೆ ಆ ಅಯಸ್ಕಾಂತ ಮುಚ್ಚಳದ್ದೋ ಬೇರೆಯದೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಕಲ್ಯದಿಂದ ಬಂದ ಡಿಗ್ರಿ ಹುಡುಗಿಯೊಬ್ಬಳ ಯಂತ್ರ ಸಿನಿಮಾ ನೋಡುವಾಗ ಮಲಗುತ್ತಿರಲಿಲ್ಲ, ಟೈಪ್ ಮಾಡುವಾಗ ಮಲಗುತ್ತಿತ್ತು. ತಲೆಕೆಳಗಾದ ದೂರು ಇದು. ಬೆರಳು ಆಡುತ್ತಿರುವಾಗ ಗಡಿಯಾರದ ಅಪ್ಪಣೆ ಬರಲು ಸಾಧ್ಯವೇ ಇಲ್ಲ. ದಿನಚರಿಯಲ್ಲಿ "ಬಟನ್ ಆರ್ ಲಿಡ್" ಎಂದೇ ಸಾಲುಸಾಲಾಗಿತ್ತು. ಕೌಂಟರಿನಲ್ಲೇ ಕೂರಿಸಿ ಟೈಪ್ ಮಾಡಿಸಿದೆ. ಎಡಗೈ ಊರಿದ ಸ್ವಲ್ಪ ಹೊತ್ತಿಗೆ ಪರದೆ ಆರಿತು. ಮಣಿಕಟ್ಟಿನಲ್ಲಿ ಹೊಸ ಸ್ಮಾರ್ಟ್ ವಾಚು, ಸ್ಟೀಲ್ ಜಾಲರಿ ಪಟ್ಟಿ, ಅಂಟಿಕೊಳ್ಳುವ ಅಯಸ್ಕಾಂತದ ಕೊಂಡಿ. "ವಾಚ್ ಬಿಚ್ಚಿಟ್ಟು ಟೈಪ್ ಮಾಡಮ್ಮ" ಎಂದೆ. ಆಮೇಲೆ ಆರಲಿಲ್ಲ. "ಇಷ್ಟೇನಾ ಅಣ್ಣ?" ಎಂದಳು. ಇಷ್ಟೇ. ಇದಕ್ಕಾಗಿ ಅವಳು ಒಂದು ಸೆಮಿಸ್ಟರಿನ ಅಸೈನ್‌ಮೆಂಟುಗಳನ್ನು ಫೋನಿನಲ್ಲಿ ಟೈಪ್ ಮಾಡಿದ್ದಳು.

ಆಮೇಲೆ ಇಂಥವು ಹಲವು ಕಂಡಿವೆ. ಅಂಗೈ ಜಾಗದ ಮೇಲೆ ಇಡುವ ಮೊಬೈಲಿನ ಮಡಿಸುವ ಕವರು. ಅಯಸ್ಕಾಂತದ ಗುಂಡಿ ಇರುವ ಪೌಚು. ಒಂದರ ಮೇಲೊಂದು ಇಟ್ಟ ಎರಡು ಲ್ಯಾಪ್‌ಟಾಪ್, ಕೆಳಗಿನದರ ಅಯಸ್ಕಾಂತ ಮೇಲಿನದನ್ನು ಮಲಗಿಸುತ್ತದೆ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾರುವ ಮನೆಯವರೊಬ್ಬರು ಆರ್ಡರ್ ಬರೆದುಕೊಳ್ಳುವ ಲ್ಯಾಪ್‌ಟಾಪಿನ ಮೇಲೆಯೇ ಫ್ರಿಜ್‌ಗೆ ಅಂಟಿಸುವ ಬೊಂಬೆಗಳ ಡಬ್ಬಿ ಇಡುತ್ತಿದ್ದರು. ಪ್ರತಿಯೊಂದರ ಬೆನ್ನಿಗೂ ಅಯಸ್ಕಾಂತ.

ನಿಮ್ಮ ಯಂತ್ರದ ಅಯಸ್ಕಾಂತ ಎಲ್ಲಿದೆ ಎಂದು ತಿಳಿಯಲು ದಾರಕ್ಕೆ ಕಟ್ಟಿದ ಸೂಜಿಯನ್ನು ಪರದೆಯ ಅಂಚಿನಲ್ಲಿ ಸರಿಸಿ, ಎಳೆದುಕೊಳ್ಳುವ ಜಾಗ ಸಿಗುತ್ತದೆ. ಮುಚ್ಚಳ ಮುಚ್ಚಿದಾಗ ಅದರ ನೇರಕ್ಕೆ ಕೆಳಗೆ ಬರುವ ಜಾಗವೇ ಸೆನ್ಸರಿನದು. ಅಲ್ಲಿಂದ ಅಯಸ್ಕಾಂತ ಇರುವುದನ್ನೆಲ್ಲ ದೂರವಿಡಿ. ಅನುಮಾನ ಉಳಿದರೆ ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಎಂಬಲ್ಲಿ "ಡೂ ನಥಿಂಗ್" ಹಾಕಿ ಒಂದು ದಿನ ನೋಡಿ. ಮಲಗುವುದು ನಿಂತರೆ ಮೂಲ ಮುಚ್ಚಳವೇ. ಹತ್ತಿರ ಏನೂ ಇಲ್ಲದೆ, ಪರದೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದಾಗಲೇ ಮಲಗಿದರೆ, ಪರದೆ ಬದಲಿಸಿದಾಗ ಅಯಸ್ಕಾಂತ ಜಾಗ ತಪ್ಪಿದೆಯೇ, ಹಿಂಜಿನ ವೈರು ಸವೆದಿದೆಯೇ ಎಂದು ಬಿಚ್ಚಿ ನೋಡಬೇಕು. ಅದು ಅಂಗಡಿಯ ಕೆಲಸ.

6. ಬಚ್ಚಿಟ್ಟ ಎರಡು ನಿಮಿಷ

30 ನಿಮಿಷ ಎಂದು ಇಟ್ಟಿದ್ದರೂ ಕರಾರುವಾಕ್ಕಾಗಿ ಎರಡು ನಿಮಿಷಕ್ಕೆ ಮಲಗುವ ಯಂತ್ರಗಳಿವೆ. ವಿಂಡೋಸ್‌ನಲ್ಲಿ ಮೂರನೆಯ ಗಡಿಯಾರವೊಂದಿದೆ, ಹೆಸರು ಸಿಸ್ಟಮ್ ಅನ್‌ಅಟೆಂಡೆಡ್ ಸ್ಲೀಪ್ ಟೈಮ್‌ಔಟ್. ಮನುಷ್ಯ ಎಬ್ಬಿಸದೆ ನೆಟ್‌ವರ್ಕೋ ನಿಗದಿತ ಕೆಲಸವೋ ಎಬ್ಬಿಸಿದಾಗ ಎಷ್ಟು ಹೊತ್ತು ಎಚ್ಚರವಿರಬೇಕು ಎಂಬುದು ಅದರಲ್ಲಿದೆ. ಸಾಮಾನ್ಯವಾಗಿ 2 ನಿಮಿಷ. ಎದ್ದದ್ದು ನಿಮ್ಮಿಂದಲೇ ಎಂದು ಯಂತ್ರಕ್ಕೆ ಮನವರಿಕೆಯಾಗದಿದ್ದರೆ ಅದು ಈ ಗಡಿಯಾರ ಹಿಡಿದೇ ನಡೆಯುತ್ತದೆ.

ಪವರ್ ಆಪ್ಷನ್ಸ್‌ನ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಕಾಣಿಸಬೇಕಾದರೆ ರಿಜಿಸ್ಟ್ರಿಯ ಪವರ್ ಸೆಟ್ಟಿಂಗ್ಸ್‌ನಲ್ಲಿ 238ರಿಂದ ಶುರುವಾಗುವ ಗುಂಪಿನೊಳಗೆ 7-ಬಿ-ಸಿ-4ರಿಂದ ಶುರುವಾಗುವ ಕೀ ಹುಡುಕಿ, ಅದರ ಆಟ್ರಿಬ್ಯೂಟ್ಸ್ ಬೆಲೆಯನ್ನು 2 ಮಾಡಬೇಕು. ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ. ಅಭ್ಯಾಸವಿಲ್ಲದವರು ಬಲ್ಲವರಿಂದ ಮಾಡಿಸಿ.

7. ಸವೆದ ಬ್ಯಾಟರಿ ಸುಳ್ಳು ಹೇಳುತ್ತದೆ

ಬ್ಯಾಟರಿ ಶೇ 5ಕ್ಕೆ ಇಳಿದಾಗ ವಿಂಡೋಸ್ ಸಾಮಾನ್ಯವಾಗಿ ಹೈಬರ್ನೇಟ್ ಮಾಡುತ್ತದೆ. ಹೊಸ ಬ್ಯಾಟರಿ ಒಂದೊಂದೇ ಅಂಕಿ ಇಳಿದು ಅಲ್ಲಿಗೆ ಬರುತ್ತದೆ. ಸವೆದದ್ದು ಶೇ 40 ಎಂದು ತೋರಿಸುತ್ತಿದ್ದು ದಿಢೀರನೆ ಬುಡಕ್ಕೆ ಬೀಳುತ್ತದೆ. ನೋಡುವವರಿಗೆ ಅರ್ಧ ಚಾರ್ಜ್ ಇರುವಾಗಲೇ ಮಲಗಿದಂತೆ ಕಾಣುತ್ತದೆ.

ಟರ್ಮಿನಲ್ ತೆರೆದು ಪವರ್‌ಸಿಎಫ್‌ಜಿ ಎಂಬ ಆಜ್ಞೆಯ ಮುಂದೆ ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷಿನಲ್ಲಿ ಸೇರಿಸಿ ಬರೆದರೆ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ ಕಾರ್ಖಾನೆಯಿಂದ ಬಂದಾಗಿನ ಸಾಮರ್ಥ್ಯ ಒಂದು ಸಾಲು, ಈಗ ಪೂರ್ತಿ ತುಂಬಿದರೆ ಹಿಡಿಯುವ ಸಾಮರ್ಥ್ಯ ಇನ್ನೊಂದು ಸಾಲು. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ತಳ ಸಮ ಕೂರದಿದ್ದರೆ ವರದಿಗೆ ಕಾಯಬೇಡಿ. ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಹಾಕುವುದನ್ನು ಆಗಲೇ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಅಂಗಡಿಗೆ ತನ್ನಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮನೆಯಲ್ಲಿ ಆರಿಸಲಾಗದು.

8. ಹುಳದ ಮನೆಯಲ್ಲಿ ಲ್ಯಾಪ್‌ಟಾಪ್ ಬೇಡ

ಮೊದಲ ಪಾಠದಲ್ಲಿ ಹೇಳಿದ ಕುಸಿದು ಬೀಳುವ ಯಂತ್ರಗಳಲ್ಲಿ ಹಲವಕ್ಕೆ ಬಿಸಿಯೇ ಕಾರಣ. ಹಾಸಿಗೆಯ ಮೇಲೆ ಇಟ್ಟರೆ ತಳದ ಗಾಳಿ ಕಿಂಡಿ ಮುಚ್ಚುತ್ತದೆ. ನಮ್ಮ ಭಾಗಕ್ಕೇ ಸೇರಿದ ಕಾರಣವೆಂದರೆ ಹುಳದ ಮನೆಯಲ್ಲಿ ಎರಚುವ ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿ. ಫ್ಯಾನು ಅದನ್ನು ಒಳಗೆಳೆದುಕೊಳ್ಳುತ್ತದೆ. ಸುಣ್ಣ ರೆಕ್ಕೆಗಳ ನಡುವೆ ಗಟ್ಟಿಯಾಗುತ್ತದೆ, ಬ್ಲೀಚಿಂಗ್ ಪುಡಿಯಿಂದ ಏಳುವ ಕ್ಲೋರಿನ್ ತಾಮ್ರದ ಸಂಪರ್ಕಗಳನ್ನು ತಿನ್ನುತ್ತದೆ. ತಣ್ಣಗೆ ನೆಮ್ಮದಿಯಾಗಿರುತ್ತದೆಂದು ಅಲ್ಲಿ ಕೂತು ಓದುವ ಮಕ್ಕಳಿದ್ದಾರೆ. ದಯವಿಟ್ಟು ಜಗಲಿಗೆ ಬನ್ನಿ.

9. ಕಂಪನಿ ಯಂತ್ರಕ್ಕೆ ಕೈ ಹಾಕಬೇಡಿ

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದವರ ಕೈಯಲ್ಲಿ ಕಂಪನಿಯ ಲ್ಯಾಪ್‌ಟಾಪ್‌ಗಳಿದ್ದವು. ಅವುಗಳಲ್ಲಿ ಮಲಗುವ ನಿಮಿಷವನ್ನು ಕಂಪನಿಯೇ ದೂರದಿಂದ ಕಟ್ಟಿರುತ್ತದೆ, ಬದಲಿಸುವ ಜಾಗ ಮಂಕಾಗಿ ಕಾಣುತ್ತದೆ. ಬೀಗ ಮುರಿದುಕೊಡಿ ಎಂದು ಕೇಳಿದವರಿಗೆ ಆಗದು ಎಂದಿದ್ದೇನೆ. ಬೇರೆಯವರ ಮಾಹಿತಿ ಕಾಯಲು ಹಾಕಿದ ಬೀಗ ಅದು, ನಿಮ್ಮ ಐಟಿ ವಿಭಾಗಕ್ಕೆ ಕೇಳಿ.

10. ಲಿನಕ್ಸ್ ಹಾಕಿಕೊಂಡವರಿಗೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, 11ಕ್ಕೆ ಏರದ ಹಳೆಯ ಯಂತ್ರಗಳಿಗೆ ಉಬುಂಟು, ಮಿಂಟ್ ಹಾಕಿಕೊಡುತ್ತಿದ್ದೇನೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಲಿಯುವುದೂ ಲಿನಕ್ಸಿನಲ್ಲೇ, ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಒಂದನ್ನು ಸಿದ್ಧಪಡಿಸಿದೆ. ನಮ್ಮ ಮಕ್ಕಳಿಗೂ ಅದು ಕಷ್ಟವಾಗದು ಎಂಬುದು ನನ್ನ ನಂಬಿಕೆ. ಇಲ್ಲಿ ಮಲಗು ಎನ್ನುವವರು ಇಬ್ಬರು: ಡೆಸ್ಕ್‌ಟಾಪಿನ ಪವರ್ ಸೆಟ್ಟಿಂಗ್ ಒಂದು, ಅದರ ಕೆಳಗೆ ಸಿಸ್ಟಮ್‌ಡಿಯ ಲಾಗಿನ್‌ಡಿ ಇನ್ನೊಂದು. ದಿನಚರಿ ಜರ್ನಲ್‌ಸಿಟಿಎಲ್ ಆಜ್ಞೆಯಲ್ಲಿ ಸಿಗುತ್ತದೆ. ಮುಚ್ಚಳ ತೆರೆದೇ ಇದ್ದಾಗ ಅದರಲ್ಲಿ "ಲಿಡ್ ಕ್ಲೋಸ್ಡ್" ಎಂಬ ಸಾಲು ಕಂಡರೆ ಐದನೆಯ ಪಾಠಕ್ಕೆ ಹೋಗಿ.

11. "ನೆವರ್" ಎಂದು ಇಡುವುದು ಮದ್ದಲ್ಲ

ಎಲ್ಲ ಕಡೆ "ನೆವರ್" ಒತ್ತಿಬಿಡು ಎಂಬ ಸಲಹೆ ಬೇಗ ಸಿಗುತ್ತದೆ. ಕರೆಂಟು ಹೋದ ರಾತ್ರಿ ಅಂಥ ಯಂತ್ರ ಬ್ಯಾಟರಿ ಹೆಚ್ಚುಕಡಿಮೆ ಬರಿದಾಗುವವರೆಗೂ ಉರಿಯುತ್ತಿರುತ್ತದೆ. ಲಿಥಿಯಂ ಬ್ಯಾಟರಿಗೆ ಪದೇ ಪದೇ ತಳ ಮುಟ್ಟುವುದು ಒಳ್ಳೆಯದಲ್ಲ. ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಚಾರ್ಜೂ ಇರುವುದಿಲ್ಲ. ಮುಚ್ಚಳಕ್ಕೂ "ಡೂ ನಥಿಂಗ್" ಹಾಕಿ ಬ್ಯಾಗಿಗೆ ತುರುಕಿದರೆ ಮಾಗಡಿಯಿಂದ ಬೆಂಗಳೂರು ಮುಟ್ಟುವವರೆಗೂ ಬ್ಯಾಗಿನೊಳಗೆ ಬೇಯುತ್ತದೆ. ಪರೀಕ್ಷೆಗೆಂದು ಒಂದು ದಿನ ಹಾಕಿದ್ದನ್ನು ಮರುದಿನ ತೆಗೆಯಲೇಬೇಕು.

ಓದುವ ಮಕ್ಕಳ ಯಂತ್ರಕ್ಕೆ ನಾನು ಇಡುವ ಅಂಕಿ ಹೀಗೆ. ಬ್ಯಾಟರಿಯಲ್ಲಿ ಪರದೆ 5 ನಿಮಿಷ, ಸ್ಲೀಪ್ 20. ಕರೆಂಟಿನಲ್ಲಿ ಪರದೆ 15, ಸ್ಲೀಪ್ 45. ಮುಚ್ಚಳ ಮುಚ್ಚಿದರೆ ಸ್ಲೀಪ್. ಪವರ್ ಗುಂಡಿಗೆ ಹೈಬರ್ನೇಟ್, ಬಸ್ಸು ಹತ್ತುವ ಮುಂಚೆ ಒಮ್ಮೆ ಒತ್ತಿದರೆ ಕೆಲಸವೆಲ್ಲ ಡಿಸ್ಕಿನಲ್ಲಿ ಉಳಿದು ಯಂತ್ರ ತಣ್ಣಗಿರುತ್ತದೆ. ಇಷ್ಟರ ಮೇಲೂ ಬೇಗ ಮಲಗಿದರೆ ಅಂಗಡಿಗೆ ತರುವಾಗ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದು ತನ್ನಿ: ಚಾರ್ಜರ್ ಹಾಕಿತ್ತೋ ಇಲ್ಲವೋ, ಆಗ ಏನು ಮಾಡುತ್ತಿದ್ದಿರಿ, ಎಬ್ಬಿಸಿದಾಗ ಕೆಲಸ ಹಾಗೇ ಇತ್ತೋ ಹೋಗಿತ್ತೋ, ಕೈಯಲ್ಲೋ ಪಕ್ಕದಲ್ಲೋ ಏನಿತ್ತು. ಚಾರ್ಜರನ್ನೂ ಜೊತೆಗೆ ತನ್ನಿ.